ಕೈಯಲ್ಲಿ ಪಿಸ್ತೂಲು ಇರಲಿಲ್ಲ ಅಂದವರೇ ‘ಕಾನೂನುಬದ್ಧ ಹತ್ಯೆ’ ಅಂದಿದ್ದು ಹೇಗೆ?

ಪ್ರಶ್ನೆ:
2011ರ ಆಗಸ್ಟ್ 4ರಂದು ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಪೊಲೀಸರು ಮಿನಿಕ್ಯಾಬ್ ಅಡ್ಡಗಟ್ಟಿ ಮಾರ್ಕ್ ಡಗ್ಗನ್‌ಗೆ ಗುಂಡಿಟ್ಟು ಕೊಂದರು. 2014ರ ಜನವರಿಯಲ್ಲಿ ಇನ್‌ಕ್ವೆಸ್ಟ್ (ಸಾವು ಹೇಗಾಯಿತೆಂದು ತಿಳಿಯುವ ವಿಚಾರಣೆ) ಜ್ಯೂರಿಯ 10 ಜನರಲ್ಲಿ 8 ಮಂದಿ, ಗುಂಡು ತಗಲಿದಾಗ ಅವನ ಕೈಯಲ್ಲಿ ಪಿಸ್ತೂಲು ಇರಲಿಲ್ಲವೆಂದು ಖಚಿತವಾಗಿ ಹೇಳಿದರು. ಅದೇ ಜ್ಯೂರಿ 8–2ರಲ್ಲಿ ‘ಕಾನೂನುಬದ್ಧ ಹತ್ಯೆ’ ಎಂದಿತು. ಇದನ್ನು ಅರಗಿಸಿಕೊಳ್ಳುವುದು ಹೇಗೆ? ಅಪೀಲಿಗೆ ದಾರಿಯಿದೆಯೇ?

ಉತ್ತರ 1:
ನಮ್ಮಲ್ಲಿ ಇನ್‌ಕ್ವೆಸ್ಟ್ ಅಂದರೆ ಪಂಚರ ಮುಂದೆ ನಡೆಯುವ ಶವ ಮಹಜರು. ಅಲ್ಲಿ ಅದು ಕೊರೋನರ್, ಅಂದರೆ ಸಾವಿನ ಕಾರಣ ವಿಚಾರಿಸುವ ನ್ಯಾಯಾಧಿಕಾರಿಯ ಮುಂದೆ, ಸಾಕ್ಷಿ ವಿಚಾರಣೆಯೊಂದಿಗೆ ವಾರಗಟ್ಟಲೆ ನಡೆಯುವ ಕಲಾಪ. ಆದರೂ ಯಾರನ್ನೂ ಹೆಸರಿಸಿ ಅಪರಾಧಿ ಎನ್ನುವಂತಿಲ್ಲ.

ಪಿಸ್ತೂಲು ಸಿಕ್ಕಿದ್ದು ಕಾಲುಚೀಲದೊಳಗೆ, ಬೇಲಿಯಾಚೆಯ ಹುಲ್ಲಿನಲ್ಲಿ. ಆದರೆ ಜ್ಯೂರಿಯ ಮುಂದಿದ್ದ ಕೊನೆಯ ಪ್ರಶ್ನೆ ಅದು ಎಲ್ಲಿತ್ತು ಎಂಬುದಲ್ಲ. ಪಿಸ್ತೂಲು ಕೈಯಲ್ಲಿದೆ, ತನ್ನ ಜೀವಕ್ಕೆ ಅಪಾಯವಿದೆ ಎಂದು ಅಧಿಕಾರಿ ಪ್ರಾಮಾಣಿಕವಾಗಿ ನಂಬಿದ್ದನೇ? ನಂಬಿಕೆ ತಪ್ಪಾಗಿದ್ದರೂ ಅಡ್ಡಿಯಿಲ್ಲ. ಆ ನಂಬಿಕೆಗೆ ತಕ್ಕಷ್ಟೇ ಬಲ ಬಳಸಿದ್ದನೇ ಎಂಬುದಷ್ಟೇ ಮುಂದಿನದು. ಜತೆಗೆ, ಆಗ ‘ಅಕ್ರಮ ಹತ್ಯೆ’ ಎನ್ನಲು ಸಂಶಯಾತೀತ ಖಾತ್ರಿ ಬೇಕಿತ್ತು, ‘ಕಾನೂನುಬದ್ಧ’ ಎನ್ನಲು ‘ಹೆಚ್ಚು ಸಂಭವನೀಯ’ ಅನ್ನಿಸಿದರೆ ಸಾಕಿತ್ತು. ತಕ್ಕಡಿಯೇ ಓರೆ. 2020ರಲ್ಲಿ ಮಾಘನ್ ಎಂಬ ಇನ್ನೊಂದು ಇನ್‌ಕ್ವೆಸ್ಟ್ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಎರಡಕ್ಕೂ ‘ಹೆಚ್ಚು ಸಂಭವನೀಯ’ ಎಂಬ ಒಂದೇ ಅಳತೆ ಮಾಡಿತು.

ಉತ್ತರ 2:
ಅಪೀಲು ಇಲ್ಲ. ಇರುವುದು ಎರಡು ದಾರಿ. ಒಂದು, ಜುಡಿಷಿಯಲ್ ರಿವ್ಯೂ (ಕಲಾಪ ಕಾನೂನಿನಂತೆ ನಡೆಯಿತೇ ಎಂದು ಹೈಕೋರ್ಟ್ ಪರಿಶೀಲಿಸುವುದು): ತಡಮಾಡದೆ, ಹೆಚ್ಚೆಂದರೆ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಜ್ಯೂರಿಗೆ ಕೊರೋನರ್ ಕೊಟ್ಟ ಸೂಚನೆಯಲ್ಲಿ ಕಾನೂನಿನ ತಪ್ಪಿದೆ ಎಂದು ತೋರಿಸಬೇಕು. ‘ತೀರ್ಪು ಸರಿಯಿಲ್ಲ’ ಅಂದರೆ ನಿಲ್ಲುವುದಿಲ್ಲ. ಡಗ್ಗನ್ ಕುಟುಂಬ 2014ರಲ್ಲಿ ಹೈಕೋರ್ಟಿನಲ್ಲೂ 2017ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತಿತು. ಎರಡು, 1988ರ ಕೊರೋನರ್ಸ್ ಕಾಯ್ದೆಯ ಸೆಕ್ಷನ್ 13: ಹೊಸ ಸಾಕ್ಷ್ಯ ಸಿಕ್ಕಿದರೆ ಅಟಾರ್ನಿ ಜನರಲ್ ಒಪ್ಪಿಗೆ ಪಡೆದು, ಹೊಸ ಇನ್‌ಕ್ವೆಸ್ಟ್ ಕೋರಿ ಹೈಕೋರ್ಟಿಗೆ ಹೋಗುವುದು.

ಪ್ರಶ್ನೆ ಕೇಳಿದವರು:
ಜ್ಯೂರಿ ಮುಂದೆ ಯಾವ್ಯಾವ ಆಯ್ಕೆ ಇಡಬೇಕೆಂದು ತೀರ್ಮಾನಿಸುವವರು ಯಾರು?

ಉತ್ತರ 2:
ಕೊರೋನರ್. ಜನರ ಸಿಟ್ಟಿಗೆ ದೊಡ್ಡ ಕಾರಣವೇ ಅದು. 2005ರ ಜುಲೈ 22ರಂದು ಲಂಡನ್ನಿನ ಸ್ಟಾಕ್‌ವೆಲ್ ಸ್ಟೇಷನ್ನಿನಲ್ಲಿ ಪೊಲೀಸರ ಗುಂಡಿಗೆ ಸತ್ತ ಜಾನ್ ಶಾರ್ಲ್ಸ್ ಡಿ ಮೆನೆಜೆಸ್ ಪ್ರಕರಣದಲ್ಲಿ ‘ಅಕ್ರಮ ಹತ್ಯೆ’ ಎಂಬ ಆಯ್ಕೆಯನ್ನೇ ತೆಗೆದುಹಾಕಿದ್ದರು. ‘ಸಶಸ್ತ್ರ ಪೊಲೀಸ್’ ಎಂದು ಕೂಗಿ ಎಚ್ಚರಿಸಿದೆವು ಎಂಬ ಮಾತನ್ನು ಜ್ಯೂರಿ ನಂಬಲಿಲ್ಲ, ಆದರೂ ಬರೆಯಲು ಉಳಿದಿದ್ದು ‘ಮುಕ್ತ ತೀರ್ಪು’, ಅಂದರೆ ಯಾವ ತೀರ್ಮಾನಕ್ಕೂ ಬರಲಾಗದು ಎಂಬ ತೀರ್ಪು. ಶಿಕ್ಷೆಯಾದದ್ದು ಇಲಾಖೆಗೆ ಮಾತ್ರ: ಆರೋಗ್ಯ–ಸುರಕ್ಷತಾ ಕಾಯ್ದೆಯಡಿ 2007ರಲ್ಲಿ 1,75,000 ಪೌಂಡ್ ದಂಡ. ಜೀವ ಹೋದದ್ದಕ್ಕೆ ಕಾರ್ಖಾನೆ ಅಪಘಾತದ ಕಾನೂನು!

ಉತ್ತರ 3:
ಸಿವಿಲ್ ದಾವೆ ಮರೆಯಬೇಡಿ. ಪೊಲೀಸರ ಗುಂಡಿಗೆ ಸತ್ತ ಆ್ಯಶ್ಲಿ ಪ್ರಕರಣದ 2008ರ ತೀರ್ಪಿನ ಪ್ರಕಾರ ಅಲ್ಲಿ ನಂಬಿಕೆ ಪ್ರಾಮಾಣಿಕವಾಗಿದ್ದರೆ ಸಾಲದು, ಸಮಂಜಸವೂ ಆಗಿರಬೇಕು. ರುಜುವಾತಿನ ಹೊರೆ ಪೊಲೀಸರದು. 2023ರಲ್ಲಿ ಡಬ್ಲ್ಯೂ80 (ಗುಂಡು ಹಾರಿಸಿದ ಅಧಿಕಾರಿಯ ಸಂಕೇತನಾಮ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಅಳತೆಯನ್ನು ಇಲಾಖಾ ಶಿಸ್ತು ವಿಚಾರಣೆಗೂ ಅನ್ವಯಿಸಿತು. ಒಂದೇ ಗುಂಡು, ಇನ್‌ಕ್ವೆಸ್ಟಿನಲ್ಲಿ ಒಂದು ಪರೀಕ್ಷೆ, ಸಿವಿಲ್ ಕೋರ್ಟಿನಲ್ಲಿ ಇನ್ನೊಂದು. ಇಲ್ಲೂ ಒಂದು ತೊಡಕು: ಡಗ್ಗನ್ ದಾವೆ 2019ರಲ್ಲಿ ರಾಜಿಯಾಯಿತು, ಪೊಲೀಸರು ಹೊಣೆ ಒಪ್ಪಲಿಲ್ಲ. ರಾಜಿಯಾದರೆ ನಂಬಿಕೆ ಸಮಂಜಸವಾಗಿತ್ತೇ ಎಂಬ ಬಗ್ಗೆ ನ್ಯಾಯಾಧೀಶರ ಬರಹ ಸಿಗುವುದಿಲ್ಲ. ಕುಟುಂಬಕ್ಕೆ ಆ ಬರಹವೇ ಬೇಕಿದ್ದರೆ ವಕೀಲರಿಗೆ ಮೊದಲ ದಿನವೇ ಹೇಳಿಡಬೇಕು.