ನೀಲಿ ಪೆಪ್ಟೈಡ್ ಸೀರಮ್ ಬಣ್ಣ ಕಳೆದುಕೊಳ್ಳುತ್ತಿದೆ, ಸುಕ್ಕೂ ತಗ್ಗಿಲ್ಲ: ತಪ್ಪೆಲ್ಲಿದೆ?

ಪ್ರಶ್ನೆ:
ಐದು ವಾರಗಳಿಂದ ಪ್ರತಿದಿನ ಬೆಳಿಗ್ಗೆ ತಾಮ್ರದ ಪೆಪ್ಟೈಡ್ (ಪ್ರೋಟೀನಿನಂಥದೇ ಕಿರುಸರಪಳಿ) ಇರುವ ನೀಲಿ ಸೀರಮನ್ನು ವಿಟಮಿನ್ ಸಿ ಸೀರಮಿನೊಂದಿಗೆ ಅಂಗೈಯಲ್ಲೇ ಬೆರೆಸಿ ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದೇನೆ. ಬೆರೆಸಿದ ಸ್ವಲ್ಪ ಹೊತ್ತಿಗೆ ನೀಲಿ ಬಣ್ಣ ಮಾಸುತ್ತದೆ. ಅದರ ಮೇಲೆ ಸನ್‌ಸ್ಕ್ರೀನ್ ಹಚ್ಚಿದರೆ, ರಬ್ಬರಿನಿಂದ ಅಳಿಸಿದಾಗ ಉದುರುವ ಚೂರುಗಳಂತೆ ಎಲ್ಲವೂ ಸುರುಳಿಯಾಗಿ ಎದ್ದು ಬರುತ್ತದೆ. ರಾತ್ರಿ, ಶೇ. 10 ಎಂದು ಬರೆದಿರುವ ಅಸಿಟೈಲ್ ಹೆಕ್ಸಾಪೆಪ್ಟೈಡ್-8 ಎಂಬ ಇನ್ನೊಂದು ಪೆಪ್ಟೈಡಿನ ಸೀರಮ್ ಬಳಸುತ್ತೇನೆ. ಆದರೂ ಹುಬ್ಬುಗಳ ನಡುವಿನ ಗೆರೆ ಹಾಗೆಯೇ ಇದೆ. ಸೀರಮ್ ಕೆಟ್ಟಿದೆಯೇ?

ಉತ್ತರ:
ಸೀರಮ್ ಕೆಟ್ಟಿಲ್ಲ, ಅಂಗೈಯಲ್ಲಿ ನೀವೇ ಅದನ್ನು ಕೆಡಿಸುತ್ತಿದ್ದೀರಿ. ಆ ನೀಲಿ, ಸೇರಿಸಿದ ಬಣ್ಣವಲ್ಲ, ಪೆಪ್ಟೈಡ್ ಹಿಡಿದುಕೊಂಡಿರುವ ತಾಮ್ರದ ಗುರುತು. ಲೋರೆನ್ ಪಿಕಾರ್ಟ್ 1973ರಲ್ಲಿ ಮಾನವ ರಕ್ತದ ಪ್ಲಾಸ್ಮಾದಲ್ಲಿ ಗುರುತಿಸಿದ ಈ ಪೆಪ್ಟೈಡಿನಲ್ಲಿ ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಎಂಬ ಮೂರೇ ಅಮೈನೋ ಆಮ್ಲಗಳಿವೆ. ಆಸ್ಕಾರ್ಬಿಕ್ ಆಮ್ಲದ, ಅಂದರೆ ವಿಟಮಿನ್ ಸಿಯ, ಸೀರಮುಗಳು ಚರ್ಮದೊಳಕ್ಕೆ ಇಳಿಯಬೇಕಾದರೆ ಅವುಗಳ ಪಿಎಚ್ ಸುಮಾರು 3.5ಕ್ಕಿಂತ ಕೆಳಗಿರಬೇಕು, ಅಷ್ಟು ಹುಳಿಯಲ್ಲಿ ಪೆಪ್ಟೈಡಿಗೆ ತಾಮ್ರದ ಮೇಲಿನ ಹಿಡಿತ ಸಡಿಲವಾಗುತ್ತದೆ, ಬಿಡುಗಡೆಯಾದ ತಾಮ್ರವು ವಿಟಮಿನ್ ಸಿಯ ಉತ್ಕರ್ಷಣವನ್ನು ಚುರುಕುಗೊಳಿಸುತ್ತದೆ. ಹೀಗೆ ಎರಡೂ ಹಾಳು. ವಿಟಮಿನ್ ಸಿಯನ್ನು ಬೆಳಿಗ್ಗೆಗೂ ತಾಮ್ರದ ಪೆಪ್ಟೈಡನ್ನು ರಾತ್ರಿಗೂ ಇಟ್ಟುಕೊಳ್ಳಿ. ಅಷ್ಟೇ ಹುಳಿಯಾದ ಗ್ಲೈಕಾಲಿಕ್ ಆಮ್ಲ ಬಳಸುವವರಿಗೂ ಇದೇ ಮಾತು: ಅದನ್ನೂ ತಾಮ್ರದ ಪೆಪ್ಟೈಡನ್ನೂ ಬೇರೆ ಬೇರೆ ಹೊತ್ತಿಗೆ ಹಚ್ಚಿ.

ಮರುಪ್ರಶ್ನೆ:
ಹಾಗೆಯೇ ಬೇರ್ಪಡಿಸಿದೆ, ನೀಲಿ ಉಳಿಯುತ್ತಿದೆ. ಆದರೆ ಬೆಳಿಗ್ಗೆ ಸುರುಳಿ ಏಳುವುದು ನಿಂತಿಲ್ಲ.

ಉತ್ತರ:
ಹಾಗಿದ್ದರೆ ಅದರಲ್ಲಿ ಪೆಪ್ಟೈಡಿನ ಪಾತ್ರವಿಲ್ಲವೆಂದು ಸಾಬೀತಾಯಿತು. ಸೀರಮನ್ನು ಮಂದಗೊಳಿಸುವ ಜಾಂಥನ್ ಗಮ್, ಕಾರ್ಬೋಮರ್‌ನಂಥ ಪದಾರ್ಥಗಳು ಚರ್ಮದ ಮೇಲೆ ಪೊರೆಯಾಗುತ್ತವೆ. ಅದು ಒಣಗುವ ಮುನ್ನ ಸಿಲಿಕೋನ್ ಹೆಚ್ಚಿರುವ ಸನ್‌ಸ್ಕ್ರೀನನ್ನು ಉಜ್ಜಿದರೆ ಪೊರೆ ಕಿತ್ತು ಬರುತ್ತದೆ. ಸೀರಮಿನ ಪ್ರಮಾಣ ಇಳಿಸಿ, ಅದು ಪೂರ್ತಿ ಆರಲು ಬಿಡಿ, ಸನ್‌ಸ್ಕ್ರೀನನ್ನು ಉಜ್ಜದೆ ಒತ್ತಿ ಹಚ್ಚಿ. ಆದರೆ ಸನ್‌ಸ್ಕ್ರೀನಿನ ಪ್ರಮಾಣವನ್ನು ಮಾತ್ರ ಇಳಿಸಬೇಡಿ, ಏಕೆಂದರೆ ನಿಮ್ಮ ಕಪಾಟಿನಲ್ಲಿರುವ ಯಾವ ಪೆಪ್ಟೈಡಿಗಿಂತಲೂ ಸುಕ್ಕನ್ನು ತಡೆಯುವ ಭರವಸೆ ಅದರದೇ.

ಮತ್ತೊಬ್ಬರ ಉತ್ತರ:
ಹುಬ್ಬಿನ ನಡುವಿನ ಗೆರೆಯ ಬಗ್ಗೆ ಯಾರೂ ಹೇಳಲಿಲ್ಲ. ಸ್ನಾಯುವಿಗೆ ಸಂಕೇತ ತಲುಪಿಸಲು ನರದ ತುದಿಗೆ ಬೇಕಾದ ಸ್ನ್ಯಾಪ್-25 ಎಂಬ ಪ್ರೋಟೀನನ್ನು ಬೊಟುಲಿನಮ್ ವಿಷ (ಬೊಟಾಕ್ಸ್ ಚುಚ್ಚುಮದ್ದಿನಲ್ಲಿರುವುದು) ಕತ್ತರಿಸುತ್ತದೆ. ಹೆಕ್ಸಾಪೆಪ್ಟೈಡ್-8 ಅದೇ ಪ್ರೋಟೀನಿನ ಒಂದು ತುದಿಯ ನಕಲು, ಅದರ ಜಾಗಕ್ಕೆ ಪೈಪೋಟಿ ನಡೆಸುವಂತೆ ರೂಪಿಸಿದ್ದು. ಉಪಾಯ ಚೆನ್ನಾಗಿದೆ, ದಾರಿಯೇ ಕಷ್ಟ. ಸುಮಾರು 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ದೊಡ್ಡ ಅಣುಗಳು ಚರ್ಮದ ಹೊರಪದರವನ್ನು ಸುಲಭವಾಗಿ ದಾಟುವುದಿಲ್ಲ, ಇದು 889 ಡಾಲ್ಟನ್‌ನಷ್ಟಿದೆ, ಜೊತೆಗೆ ನೀರನ್ನೇ ಬಯಸುವ ಸ್ವಭಾವದ್ದು, ಸ್ನಾಯುವಾದರೋ ಇನ್ನೂ ಆಳದಲ್ಲಿದೆ. ಶೇ. 10 ಎಂಬುದನ್ನು ನೋಡಿಯೂ ಬೆರಗಾಗಬೇಡಿ; ಬಹುಪಾಲು ಸಂದರ್ಭಗಳಲ್ಲಿ ಅದು ಪೆಪ್ಟೈಡ್ ಕರಗಿಸಿದ ದ್ರಾವಣದ ಲೆಕ್ಕ, ಶುದ್ಧ ಪೆಪ್ಟೈಡಿನದಲ್ಲ.

ಸಣ್ಣ ಗೆರೆಗಳಿಗೆ ಪಾಲ್ಮಿಟಾಯ್ಲ್ ಪೆಂಟಾಪೆಪ್ಟೈಡ್-4 ನೋಡಬಹುದು. ಕೊಲಾಜೆನ್‌ನ ಪೂರ್ವರೂಪದ ತುಣುಕಿಗೆ ಕೊಬ್ಬಿನಾಮ್ಲದ ಬಾಲ ಜೋಡಿಸಿರುವುದರಿಂದ ಅದು ಹೊರಪದರದ ಜಿಡ್ಡಿನೊಳಗೆ ಹೊಗಲು ಅನುಕೂಲ. 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 93 ಮಹಿಳೆಯರು ಅದನ್ನು 12 ವಾರ ಬಳಸಿದಾಗ, ಪೆಪ್ಟೈಡ್ ಇಲ್ಲದ ಕ್ರೀಮಿಗಿಂತ ಸುಕ್ಕು ತುಸು ತಗ್ಗಿತ್ತು. ತುಸುವೇ. ಹಾಗಾಗಿ ಐದು ವಾರಕ್ಕೆ ತೀರ್ಪು ಕೊಡಬೇಡಿ. ಒಂದೇ ಬೆಳಕಿನಲ್ಲಿ, ಮುಖ ಸಡಿಲಬಿಟ್ಟು ತೆಗೆದ ಚಿತ್ರಗಳನ್ನು ಹೋಲಿಸಿ. ಗಟ್ಟಿ ಪುರಾವೆಯೇ ಬೇಕೆಂದರೆ ಟ್ರೆಟಿನಾಯಿನ್ (ವಿಟಮಿನ್ ಎ ಬಗೆಯ ಹಚ್ಚುವ ಔಷಧ) ಬಗ್ಗೆ ಚರ್ಮವೈದ್ಯರನ್ನು ಕೇಳಿ. ಗರ್ಭಿಣಿಯರು ಅದನ್ನು ಬಳಸಬಾರದು.

ಪ್ರಶ್ನೆ ಕೇಳಿದವರು:
ಸೀರಮನ್ನು ಎರಡು ಹನಿಗೆ ಇಳಿಸಿ, ಆರಿದ ಮೇಲೆ ಸನ್‌ಸ್ಕ್ರೀನ್ ಒತ್ತಿ ಹಚ್ಚಿದೆ, ಸುರುಳಿ ಏಳಲಿಲ್ಲ. ಇಂದು ಮೊದಲ ಚಿತ್ರ ತೆಗೆದಿಟ್ಟಿದ್ದೇನೆ.