ತಂದೆಯವರ ಜೇಬಿನಲ್ಲಿದ್ದ ಜಾಹೀರಾತಿನ ಸ್ಟೀಲ್ ಸ್ಕೇಲು ಯಾವ ಕಾಲದ್ದು?

ಪ್ರಶ್ನೆ

ನಮಸ್ಕಾರ. ಟರ್ನರ್ (ಲೇತ್ ಯಂತ್ರದ ಕೆಲಸಗಾರ) ಆಗಿದ್ದ ನಮ್ಮ ತಂದೆಯವರ ಉಪಕರಣಗಳ ಪೆಟ್ಟಿಗೆಯಲ್ಲಿ ಆರು ಇಂಚಿನ ಸ್ಟೀಲ್ ಸ್ಕೇಲೊಂದು ದೊರೆತಿದೆ. ಜೇಬಿಗೆ ಸಿಕ್ಕಿಸಲು ಕ್ಲಿಪ್ಪು ಇದೆ. ಒಂದು ಅಂಚಿನಲ್ಲಿ ಇಂಚಿನ 64ನೇ ಒಂದು ಭಾಗದವರೆಗೆ ಗೆರೆಗಳು, ಇನ್ನೊಂದರಲ್ಲಿ ಮಿಲಿಮೀಟರುಗಳು. ಹಿಂಬದಿಯಲ್ಲಿ ಭಿನ್ನರಾಶಿಗಳ ದಶಮಾಂಶ ಕೋಷ್ಟಕವೂ ಅದರ ಕೆಳಗೆ ಯಂತ್ರೋಪಕರಣ ಮಾರುವ ಸಂಸ್ಥೆಯೊಂದರ ಹೆಸರೂ, ‘ಎಸ್‌ಜೆಪಿ ರಸ್ತೆ, ಬೆಂಗಳೂರು-2, ಮೈಸೂರು ರಾಜ್ಯ’ ಎಂಬ ವಿಳಾಸವೂ ಇಂಗ್ಲಿಷಿನಲ್ಲಿವೆ. ಇದು ಯಾವ ಕಾಲದ್ದಿರಬಹುದು? ಅಕ್ಷರ ಅಳಿಯದಂತೆ ತುಕ್ಕು ತೆಗೆಯುವುದು ಹೇಗೆ? ಇದನ್ನು ಕೆಲಸಕ್ಕೆ ಬಳಸಬೇಕೆಂಬ ಆಸೆ ನನ್ನದು.

ಉತ್ತರ 1

ವಿಳಾಸವೇ ಒಳ್ಳೆಯ ಸಾಕ್ಷಿ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು; ಆರಂಕಿಯ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಪಿನ್ ಕೋಡ್ ಬಂದ ಮೇಲೂ ‘ಬೆಂಗಳೂರು-2’ ಎಂಬಲ್ಲಿನ 2ರಂತಹ ಹಳೆಯ ಅಂಚೆ ವಲಯ ಸಂಖ್ಯೆಯನ್ನೇ ಬರೆಯುತ್ತಿದ್ದವರು ಬಹಳ ಮಂದಿ ಇದ್ದುದರಿಂದ, ನಾನು ರಾಜ್ಯದ ಹೆಸರಿಗೇ ಹೆಚ್ಚು ತೂಕ ಕೊಡುತ್ತೇನೆ. ಮಿಲಿಮೀಟರಿನ ಅಂಚು ಮಾತ್ರ ನಿರ್ಣಾಯಕವಲ್ಲ. ನಮ್ಮಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನು ಬಂದದ್ದು 1956ರಲ್ಲಾದರೂ, ಎರಡೂ ಅಳತೆಗಳಿರುವ ಸ್ಕೇಲುಗಳು ಅದಕ್ಕೂ ಮುಂಚೆ ಹೊರದೇಶಗಳಲ್ಲಿ ತಯಾರಾಗುತ್ತಿದ್ದವು. ಹೀಗಾಗಿ 1973ಕ್ಕೆ ಮುಂಚಿನದು ಎಂದು ಹೇಳುವುದು ಸುರಕ್ಷಿತ.

ಉತ್ತರ 2

ದಯವಿಟ್ಟು ಎಮರಿ ಕಾಗದವನ್ನಾಗಲಿ, ಹುಣಸೆಹಣ್ಣು-ನಿಂಬೆರಸವನ್ನಾಗಲಿ ಬಳಸಬೇಡಿ. ಹುಳಿಯು ತುಕ್ಕಿನ ಜೊತೆಗೆ ಉಕ್ಕನ್ನೂ ತಿನ್ನುತ್ತದೆ. ಎಮರಿಯು ಗೆರೆಗಳ ಅಂಚನ್ನೇ ಸವೆಸುತ್ತದೆ. ತೆಳುವಾದ ಮೆಷಿನ್ ಆಯಿಲ್ ಹಚ್ಚಿ ಒಂದು ರಾತ್ರಿ ಬಿಟ್ಟು, ಹಳೆಯ ಹತ್ತಿ ಬಟ್ಟೆಯಿಂದ ಸ್ಕೇಲಿನ ಉದ್ದಕ್ಕೆ ಒರೆಸಿ. ಬೇಕಾದರೆ ಮತ್ತೆ ಮಾಡಿ. ಅಕ್ಷರಗಳು ಉಕ್ಕಿನೊಳಗೆ ಕೊರೆದವಾಗಿದ್ದು ಕಪ್ಪು ಬಣ್ಣ ಮಾತ್ರ ಹೋಗಿದ್ದರೆ ಚಿಂತೆಯಿಲ್ಲ: ಕಪ್ಪು ಎನಾಮಲ್ ಬಣ್ಣವನ್ನು ಗೆರೆಗಳೊಳಗೆ ತೀಡಿ, ಮೇಲ್ಮೈಯನ್ನು ಕೂಡಲೇ ಒರೆಸಿದರೆ ಓದಲು ಬರುತ್ತದೆ. ಮೇಲೆ ಬರಿದೇ ಮುದ್ರಿಸಿದ ಅಕ್ಷರಗಳಾಗಿದ್ದರೆ ಆ ಭಾಗವನ್ನು ಉಜ್ಜಲೇಬೇಡಿ. ತುಕ್ಕಿನ ಕಲೆಯೊಂದು ಉಳಿದರೂ ಪರವಾಗಿಲ್ಲ, ಹೆಸರು ಉಳಿಯಬೇಕು.

ಉತ್ತರ 3

ಧಾರಾಳವಾಗಿ ಬಳಸಿ. ಇಂತಹ ಸ್ಕೇಲಿನಲ್ಲಿ ಮೊದಲು ಸವೆಯುವುದು ಶೂನ್ಯದ ತುದಿ, ಏಕೆಂದರೆ ಅದನ್ನೇ ಜಾಬಿಗೆ, ಅಂದರೆ ಅಳೆಯಬೇಕಾದ ಲೋಹದ ತುಂಡಿಗೆ, ಒತ್ತಿ ಹಿಡಿಯುತ್ತಾರೆ. ಆದ್ದರಿಂದ 10 ಮಿಲಿಮೀಟರಿನ ಗೆರೆಯಿಂದ ಅಳತೆ ಆರಂಭಿಸಿ, ಕೊನೆಗೆ 10ನ್ನು ಕಳೆಯಿರಿ. ಬಿಸಿಲಿಗೆ ಹಿಗ್ಗೀತೆಂಬ ಭಯವೂ ಬೇಡ. 10 ಡಿಗ್ರಿ ಸೆಲ್ಸಿಯಸ್ ಏರಿದರೂ 150 ಮಿಲಿಮೀಟರಿನ ಉಕ್ಕು ಹಿಗ್ಗುವುದು ಸುಮಾರು 0.017 ಮಿಲಿಮೀಟರ್ ಮಾತ್ರ, ಅದು ಕಣ್ಣಿಗೆ ಕಾಣದು.

ಹಿಂಬದಿಯ ಕೋಷ್ಟಕವನ್ನು ವಿಶೇಷವಾಗಿ ಕಾಪಾಡಿ. ನಕ್ಷೆಯಲ್ಲಿ 25/64 ಇಂಚು ಎಂದಿದ್ದು, ಕೈಯಲ್ಲಿರುವ ಮೈಕ್ರೋಮೀಟರು (ಸೂಕ್ಷ್ಮ ಅಳತೆಯ ಉಪಕರಣ) ದಶಮಾಂಶದಲ್ಲಿದ್ದರೆ, 0.3906 ಎಂಬ ಅಂಕಿ ಕೆಲಸಗಾರನಿಗೆ ಆ ಕ್ಷಣವೇ ಬೇಕಿತ್ತು. ಕ್ಯಾಲ್ಕುಲೇಟರು ಕೈಗೆ ಬರುವ ಮುಂಚಿನ ದಿನಗಳವು. ಅದಕ್ಕಾಗಿ ಅವನು ಸ್ಕೇಲನ್ನು ತಿರುಗಿಸಿದಾಗಲೆಲ್ಲ ಅಂಗಡಿಯ ಹೆಸರು ಕಣ್ಣಿಗೆ ಬೀಳುತ್ತಿತ್ತು. ಗೋಡೆಯ ಕ್ಯಾಲೆಂಡರಿಗಿಂತ ಇದಕ್ಕೆ ಹೆಚ್ಚು ಖರ್ಚಾದರೂ ಸಂಸ್ಥೆಗಳು ಇದನ್ನು ಉಚಿತವಾಗಿ ಹಂಚಿದ್ದು ಅದಕ್ಕೇ ಎಂಬುದು ನನ್ನ ಅಭಿಪ್ರಾಯ.