ಅಪ್‌ಡೇಟ್: ಆರು ತಾಲ್ಲೂಕಿನ ಮಳೆ ಕಾಲಮ್‌ಗಳಿಗೆ ಒಂದೇ ಫಂಕ್ಷನ್, ಕೆಲಸ ಆಯ್ತು

ಉತ್ತರ ಕೊಟ್ಟ ಎಲ್ಲರಿಗೂ ನಮಸ್ಕಾರ ರೀ. ನಾನು ಕೇಳಿದ್ದು ಇಷ್ಟು: ಆರ್ (R) ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ನನ್ನ ಡೇಟಾ ಫ್ರೇಮ್‌ನಲ್ಲಿ, ಅಂದರೆ ಕೋಷ್ಟಕದಲ್ಲಿ, ದಿನಾಂಕದ ಜೊತೆ ಬಾಗಲಕೋಟೆ, ಬಾದಾಮಿ, ಹುನಗುಂದ, ಜಮಖಂಡಿ, ಮುಧೋಳ, ಬೀಳಗಿ ಅಂತ ಆರು ಕಾಲಮ್. ಕೆಲವು ಕಡೆ ‘12.4 ಮಿ.ಮೀ.’, ಕೆಲವು ಕಡೆ ಬರೀ ಗೆರೆ. ಅದನ್ನು ಸಂಖ್ಯೆ ಮಾಡುವ ಫಂಕ್ಷನ್ ಇದೆ, ಆರಕ್ಕೂ ಒಂದೇ ಏಟಿಗೆ ಹಚ್ಚುವುದು ಹೆಂಗೆ?

ಲಿಸ್ಟಿನ ಪ್ರತಿ ಅಂಶಕ್ಕೂ ಒಂದೇ ಫಂಕ್ಷನ್ ಹಚ್ಚುವ ಆರ್‌ನ ಲ್ಯಾಪ್ಲೈ (lapply) ಸಾಕಾಯ್ತು. ಕಾಲಮ್ ಹೆಸರುಗಳನ್ನು ಒಂದು ವೆಕ್ಟರ್‌ನಲ್ಲಿಟ್ಟು (ಒಂದೇ ಬಗೆಯ ಮೌಲ್ಯಗಳ ಸಾಲು), ಚೌಕ ಕಂಸದಲ್ಲಿ ಅವನ್ನಷ್ಟೇ ಆರಿಸಿ, ಲ್ಯಾಪ್ಲೈ ಕೊಟ್ಟಿದ್ದನ್ನು ಅದೇ ಜಾಗಕ್ಕೆ ವಾಪಸ್ ಬರೆದೆ. ಡೇಟಾ ಫ್ರೇಮ್ ಒಳಗಿನಿಂದ ಲಿಸ್ಟೇ ಆಗಿರೋದರಿಂದ ಪ್ರತಿ ಕಾಲಮ್ ತನ್ನ ಜಾಗಕ್ಕೆ ಕೂತಿತು, ದಿನಾಂಕದ ತಂಟೆಗೆ ಹೋಗಲಿಲ್ಲ.

‘ಬರೀ ಅಪ್ಲೈ (apply) ಹಾಕಿ’ ಅಂದವರಿಗೆ: ಆ ಫಂಕ್ಷನ್ ಮೊದಲು ಇಡೀ ಫ್ರೇಮನ್ನು ಮ್ಯಾಟ್ರಿಕ್ಸ್ ಮಾಡುತ್ತದೆ. ಮ್ಯಾಟ್ರಿಕ್ಸ್‌ನಲ್ಲಿ ಎಲ್ಲವೂ ಒಂದೇ ಬಗೆಯದಿರಬೇಕು, ಹಾಗಾಗಿ ದಿನಾಂಕ ಸೇರಿಕೊಂಡರೆ ಸಂಖ್ಯೆಗಳೂ ಅಕ್ಷರವಾಗಿಬಿಡುತ್ತವೆ.

ಡಿಪ್ಲೈಆರ್ (dplyr) ಅನ್ನೋ ಆರ್ ಪ್ಯಾಕೇಜಿನಲ್ಲಿ ಕಾಲಮ್ ಬದಲಿಸುವ ಮ್ಯೂಟೇಟ್ (mutate) ಒಳಗೆ, ಹಲವು ಕಾಲಮ್‌ಗೆ ಒಟ್ಟಿಗೆ ಹಚ್ಚುವ ಅಕ್ರಾಸ್ (across) ಹಾಕಿಯೂ ನೋಡಿದೆ, ಉತ್ತರ ಅದೇ. ಅಕ್ರಾಸ್ 2020ರಲ್ಲಿ ಡಿಪ್ಲೈಆರ್ 1.0.0 ಜೊತೆ ಬಂದದ್ದು. ಓದಲು ಚೆಂದ, ಆದರೆ ಇಷ್ಟಕ್ಕಾಗಿ ಪ್ಯಾಕೇಜ್ ಯಾಕೆ ಅನ್ನೋದು ನನ್ನ ವಾದ. (ನಮ್ಮ ಆಫೀಸಿನ ಅಕ್ಕಾರು ಒಪ್ಪೋದಿಲ್ಲ.)

ಗೆರೆ ಇದ್ದಲ್ಲಿ ಸೊನ್ನೆ ಬೇಡ, ಎನ್‌ಎ (NA, ಮೌಲ್ಯ ಇಲ್ಲ ಅನ್ನೋ ಗುರುತು) ಇರಲಿ ಅಂತ ಬಿಟ್ಟಿದ್ದೇನೆ. ಮಳೆಮಾಪಕ ಓದದ ದಿನವೂ ಮಳೆ ಬಾರದ ದಿನವೂ ಒಂದೇ ಅಲ್ಲವಲ್ಲ. ಮೊತ್ತ ಹಾಕುವಾಗ ಮಾತ್ರ ಎನ್‌ಎ ಬಿಟ್ಟು ಕೂಡಿಸು ಅಂತ ಹೇಳಬೇಕು. ಇಳಕಲ್, ಗುಳೇದಗುಡ್ಡದ ಕಾಲಮ್ ಬಂದರೆ ವೆಕ್ಟರ್‌ಗೆ ಹೆಸರು ಸೇರಿಸಿದರೆ ಆಯ್ತು.